ಗದ್ದ ಕೊಡುವ ಪಾಠ

ಬೂದುಗುಂಬಳಕಾಯಿ ಸಿಡಿಯಿತು. ತಿರುಳೂ ಬೀಜವೂ ಕರಿಹಲಗೆಯವರೆಗೆ ಹಾರಿದವು. ಒಂದು ಚೂರು ಹೆಡ್ ಕಾನ್‌ಸ್ಟೇಬಲ್ ಮೂಗಯ್ಯನ ಮೀಸೆಗೆ ಅಂಟಿಕೊಂಡಿತು.

"ಇದು ತಲೆ ಆಗಿದ್ರೆ?" ಎಂದು ಕೇಳಿದೆ.

ಮೂಗಯ್ಯ ಮೀಸೆ ಒರೆಸಿಕೊಂಡ. "ಮೊನ್ನೆ ತಲೆನೇ ಆಗಿತ್ತಲ್ಲ ಮೇಡಂ."

ಮೊನ್ನೆ ಕಾಲೇಜಿನ ಇದೇ ಗ್ಯಾಲರಿ ಕೋಣೆಯಲ್ಲಿ, ಸೂರಿನ ತೊಲೆಯಿಂದ ಉಕ್ಕಿನ ಹಗ್ಗದಲ್ಲಿ ಇಳಿಬಿದ್ದಿರುವ ಇದೇ ಕಬ್ಬಿಣದ ಗುಂಡು ಪ್ರೊಫೆಸರ್ ಅಶ್ವತ್ಥರ ತಲೆಯ ಎಡಭಾಗವನ್ನು ಒಳಕ್ಕೆ ತಳ್ಳಿತ್ತು. ಮೊದಲ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ಸಾಮಾನ್ಯ ಭೌತಶಾಸ್ತ್ರ ಕಲಿಸುತ್ತಿದ್ದವರು ಅವರು. ಹೆಣದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಅವರದೇ ಶಿಷ್ಯ ಅಮರ್. ಓರಗೆಯ ಹುಡುಗರು ಓಡಿಬಂದು, ಲ್ಯಾಬಿನ ಕಬ್ಬಿಣದ ಸ್ಟ್ಯಾಂಡುಗಳನ್ನೆತ್ತಿ ಅವನನ್ನು ಚಚ್ಚಿದರು. ಕೈ ಅಡ್ಡ ಹಿಡಿದನಂತೆ, ಕೈಗೆ ಹೊಡೆದರು. ಕೈ ಕೆಳಗೆ ಬಿದ್ದ ಮೇಲೆ ಮುಖಕ್ಕೆ ಹೊಡೆದರು.

ಈಗ ಆಸ್ಪತ್ರೆಯಲ್ಲಿದ್ದಾನೆ, ದವಡೆಗೆ ತಂತಿ ಬಿಗಿದಿದೆ, ಎರಡೂ ಕೈಯ ಬೆರಳುಗಳು ಮುರಿದಿವೆ. ಹೇಳಲು ಬಾಯಿಲ್ಲ, ಬರೆಯಲು ಕೈಯಿಲ್ಲ. ಹೀಗಿರುವಾಗ ಕೊಲೆ ಅವನದೇ ಎಂದು ಬರೆಯುವುದು ಎಷ್ಟು ಸುಲಭ ನೋಡಿ.

ನಮ್ಮ ಎಸಿಪಿ ಸಾಹೇಬರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಸಂಜೆಯೊಳಗೆ ಹುಡುಗನ ಹೆಸರಿಗೆ ವರದಿ ಬರಬೇಕು ಎಂದಿದ್ದರು. ಕಾಲೇಜಿನ ಟ್ರಸ್ಟಿನವರು ಮಾತ್ರ ಇದು ಆಕಸ್ಮಿಕ, ಗುಂಡು ವಾಪಸ್ ಬಂದು ಹೊಡೆಯಿತು ಎನ್ನುತ್ತಿದ್ದರು. ನನಗೆ ಎರಡೂ ಗಂಟಲಲ್ಲಿ ಇಳಿಯಲಿಲ್ಲ. ಅದಕ್ಕೇ ದೇವರಾಜ ಮಾರ್ಕೆಟ್ಟಿನಿಂದ ಕುಂಬಳಕಾಯಿ ತರಿಸಿದ್ದು.

"ಇನ್ನೊಂದು ಕಾಯಿ ಇಡಿ," ಎಂದರು ನಾಗಮಣಿ. ಅದೇ ವಿಭಾಗದ ಲೆಕ್ಚರರ್, ಅಶ್ವತ್ಥರ ಹಳೆಯ ಶಿಷ್ಯೆ. ಅತ್ತು ಅತ್ತು ಕಣ್ಣು ಬಾತುಕೊಂಡಿದ್ದರೂ ಮಾತು ನೆಟ್ಟಗಿತ್ತು. "ಈ ಸಲ ಗೋಡೆ ಹತ್ರ, ಎತ್ತರದ ಸ್ಟೂಲಿನ ಮೇಲೆ. ಗುಂಡು ಬಿಡೋ ಜಾಗಕ್ಕಿಂತ ಒಂಚೂರು ಮುಂದೆ ಇರ್ಲಿ."

ಮೂಗಯ್ಯ ಗುಂಡನ್ನು ಗೋಡೆಯವರೆಗೆ ಎಳೆದು, ಗದ್ದದ ಮಟ್ಟಕ್ಕೆ ಎತ್ತಿ ಕೈಬಿಟ್ಟ. ಗುಂಡು ಸುಯ್ಯೆಂದು ಇಳಿದು, ಆಚೆ ತುದಿಗೆ ಏರಿ, ಮತ್ತೆ ನಮ್ಮ ಕಡೆಗೆ ತಿರುಗಿತು. ಅಷ್ಟರಲ್ಲಿ ಮೂಗಯ್ಯ ಕಾಯನ್ನು ಸ್ಟೂಲಿನ ಮೇಲಿಟ್ಟು ಪಕ್ಕಕ್ಕೆ ಹಾರಿದ. ಬರುಬರುತ್ತಾ ಸುಸ್ತಾದ ಗುಂಡು ಕಾಯಿಗೆ ಮೆಲ್ಲಗೆ ತಾಗಿತು. ಕಾಯಿ ಒಂದು ಸಲ ತೂಗಾಡಿ ಅಲ್ಲೇ ಕೂತಿತು. ಸಿಪ್ಪೆಯ ಬೂದಿ ಕೂಡ ಸರಿಯಾಗಿ ಅಳಿಯಲಿಲ್ಲ.

"ಆಕಸ್ಮಿಕ ಆಗಿದ್ರೆ ಇಷ್ಟೇ ಆಗ್ತಿತ್ತು ಮೇಡಂ. ಸರ್ ಮುಂದಕ್ಕೆ ಬಾಗಿದ್ರೂ ಮೂಗಿಗೆ ಏಟು ಬೀಳ್ತಿತ್ತು ಅಷ್ಟೇ. ತುದೀಲಿ ಗುಂಡಿಗೆ ವೇಗ ಇರಲ್ಲ. ಇರೋ ವೇಗ ಎಲ್ಲ ನಡುಮಧ್ಯ, ತೀರಾ ಕೆಳಗೆ ಬಂದಾಗ."

"ಮೊದಲನೇ ಕಾಯಿ ಇಟ್ಟಿದ್ದು ಅಲ್ಲೇ ತಾನೆ?"

"ಹೂಂ." ಅವರು ಕೆಳಕ್ಕೆ ಕೈಮಾಡಿ ತೋರಿಸಿದರು. ಅವರ ಸೊಂಟಕ್ಕಿಂತಲೂ ಕೆಳಗೆ. "ನಿಂತವರ ತಲೆ ಅಲ್ಲಿಗೆ ಬರಲ್ಲ."

ಬರುವುದಿಲ್ಲ. ಮೊಣಕಾಲೂರಿ, ತಲೆ ಬಗ್ಗಿಸಿ ಕೂತರೆ ಬರುತ್ತದೆ. ಶವಪರೀಕ್ಷೆ ಮಾಡಿದ ಡಾಕ್ಟರು ನಿನ್ನೆಯೇ ಹೇಳಿದ್ದರು: ಮೊಣಕಾಲಿನ ಚರ್ಮ ಕಿತ್ತಿದೆ, ಹಿಂದಲೆಯ ಕೂದಲು ಬುಡಸಮೇತ ಬಂದಿದೆ. ಯಾರೋ ಆ ಮನುಷ್ಯನನ್ನು ಮೊಣಕಾಲ ಮೇಲೆ ಕೂರಿಸಿ, ಕೂದಲು ಹಿಡಿದು, ಗುಂಡು ಬರುವ ದಾರಿಗೆ ತಲೆಯನ್ನು ಒಡ್ಡಿದ್ದರು.

ಹದಿಮೂರು ವರ್ಷದ ಸರ್ವೀಸಿನಲ್ಲಿ ಕತ್ತಿ ನೋಡಿದ್ದೇನೆ, ಮಚ್ಚು ನೋಡಿದ್ದೇನೆ. ಮಾಸ್ತರನನ್ನು ಅವನ ಪಾಠದ ಸಾಮಾನಿನಿಂದಲೇ ಕೊಂದದ್ದನ್ನು ಇದೇ ಮೊದಲು ನೋಡಿದ್ದು.

"ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು," ಎಂದೆ. "ಗೋಡೆ ಹತ್ರ ನಿಂತು ಗುಂಡು ಬಿಡೋನ ಕೈ ನಡುಮಧ್ಯದಲ್ಲಿ ಕೂತವರ ಜುಟ್ಟಿಗೆ ಎಟುಕಲ್ಲ. ಒಬ್ಬ ಹಿಡ್ಕೊಂಡಿದಾನೆ, ಇನ್ನೊಬ್ಬ ಬಿಟ್ಟಿದಾನೆ."

"ಬಿಟ್ಟೋನಿಗೆ ಗುಂಡಿನ ಪರಿಚಯ ಇರ್ಬೇಕು ಮೇಡಂ. ಗುರಿ ತಪ್ಪದೇ ಇರೋ ಹಂಗೆ ಬಿಡೋದು ಸುಲಭ ಅಲ್ಲ. ಸರ್‌ಗೆ ಗದ್ದ ಕೊಟ್ಟೋರೇ ಇರ್ಬೇಕು."

"ಗದ್ದ ಕೊಡೋದು ಅಂದ್ರೆ?"

ನಾಗಮಣಿ ಗೋಡೆಗೆ ಒರಗಿ ನಿಂತರು. ಗುಂಡನ್ನು ತಾವೇ ಎತ್ತಿ ಗದ್ದಕ್ಕೆ ತಾಗಿಸಿಕೊಂಡರು. ಪ್ರತಿ ವರ್ಷ ಮೊದಲ ದಿನ ಅಶ್ವತ್ಥರು ಹೀಗೆ ನಿಂತು ಕೈಬಿಡುತ್ತಿದ್ದರಂತೆ. ಗುಂಡು ಹೋಗಿ, ಬಂದು, ಗದ್ದದ ಮುಂದೆ ನಿಂತು, ವಾಪಸ್ ಹೋಗುತ್ತಿತ್ತು. ಬಿಟ್ಟ ಎತ್ತರಕ್ಕಿಂತ ಮೇಲೆ ಅದು ಬರಲಾರದು. ಆಮೇಲೆ ಒಬ್ಬೊಬ್ಬ ವಿದ್ಯಾರ್ಥಿಯೂ ನಿಲ್ಲಬೇಕು. ಬೆಚ್ಚಿದವರು ಮರುವಾರ ಮತ್ತೆ ನಿಲ್ಲಬೇಕು. ಬೆಚ್ಚದೆ ನಿಲ್ಲುವವರೆಗೂ ಬಿಡುಗಡೆಯಿಲ್ಲ. ಈ ಕಾಲೇಜಿನಲ್ಲಿ ಅದಕ್ಕೆ ಗದ್ದ ಕೊಡುವುದು ಎಂದೇ ಹೆಸರು.

"ಲೆಕ್ಕ ಗೊತ್ತಿದ್ರೆ ಸಾಕಲ್ವಾ? ಯಾಕೆ ಬೆಚ್ಚಬೇಕು?"

"ನಿಂತು ನೋಡಿ."

ನಿಂತೆ. ಬರುವುದಿಲ್ಲ ಎಂದು ಗೊತ್ತು, ಈಗತಾನೇ ಕಣ್ಣಾರೆ ಕಂಡಿದ್ದೆ. ಆದರೂ ಆ ಕರಿಗುಂಡು ಮುಖದ ಕಡೆಗೆ ಏರಿ ಬಂದಾಗ ನನ್ನ ತಲೆ ತಾನಾಗಿ ಪಕ್ಕಕ್ಕೆ ಹಾರಿ ಗೋಡೆಗೆ ಬಡಿಯಿತು. ಮೂಗಯ್ಯ ಕಿಸಕ್ಕೆಂದ. ಅವನನ್ನೂ ನಿಲ್ಲಿಸಿದೆ. ಅವನು ಕಣ್ಣು ಮುಚ್ಚಿ ನಂಜುಂಡೇಶ್ವರನನ್ನು ಕರೆದ.

"ಎಲ್ಲರೂ ಹೀಗೇ," ಎಂದರು ನಾಗಮಣಿ. "ಬುದ್ಧಿ ಬೇಗ ಕಲಿಯುತ್ತೆ, ಮೈ ಕಲಿಯಲ್ಲ. ವಾರ ವಾರ ನಿಂತ ಮೇಲೇ ಮೈ ನಂಬೋದು. ಅಮರ್ ಕೂಡ ಬೆಚ್ಚಿದ್ದ. ಮೊನ್ನೆ ಕ್ಲಾಸ್ ಮುಗಿದ ಮೇಲೆ ಅದನ್ನೇ ಅಭ್ಯಾಸ ಮಾಡೋಕೆ ಸರ್ ಜೊತೆ ಉಳ್ಕೊಂಡಿದ್ದು." ಅಷ್ಟು ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಸ್ಟಾಫ್ ರೂಮಿಗೆ ಹೋದರು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಅಮರ್‌ನ ತಾಯಿ ಚಲುವಮ್ಮ ಕೂತಿದ್ದಳು. ಬೋಗಾದಿಯ ಒಂದು ಪಿಜಿಯಲ್ಲಿ ಅಡುಗೆ ಮಾಡುವವಳು. ಮೊನ್ನೆಯಿಂದ ನಾನು ಹೋದ ಕಡೆಗೆಲ್ಲ ಬರುತ್ತಿದ್ದಾಳೆ, ಕೇಳಿದ್ದಕ್ಕೆಲ್ಲ ಒಂದೇ ಉತ್ತರ ಕೊಡುತ್ತಾಳೆ: "ನನ್ನ ಮಗನ ಉಸ್ರು ಉಳ್ಸಿಕೊಡವ್ವ." ಸಂಜೆ ನಾನು ಬರೆಯುವ ನಾಲ್ಕು ಸಾಲಿನ ಮೇಲೆ ಆ ಉಸಿರು ನಿಂತಿತ್ತು.

ಅದಕ್ಕೆಂದೇ ಟ್ರಸ್ಟಿನ ಕಾರ್ಯದರ್ಶಿ ಪವಮಾನನನ್ನು ಕರೆಸಿದೆ.

ಅಶ್ವತ್ಥರು ಸತ್ತರೆ ಲಾಭ ಅವನೊಬ್ಬನಿಗೇ. ಈ ಹಳೆಯ ಕಟ್ಟಡ ಕೆಡವಿ ಮಳಿಗೆ ಕಟ್ಟಲು ಟ್ರಸ್ಟ್ ಹೊರಟಿತ್ತು. ಅಶ್ವತ್ಥರು ಕೋರ್ಟಿಗೆ ಹೋಗಿ ತಡೆ ತಂದಿದ್ದರು. ಗುಂಡು ಬಿಟ್ಟವನು ಪವಮಾನ, ಕೂದಲು ಹಿಡಿದವನು ಯಾವನೋ ಕೂಲಿಯ ರೌಡಿ ಎಂದು ನಾನು ಮನಸ್ಸಿನಲ್ಲೇ ಗೆರೆ ಎಳೆದಿದ್ದೆ. ಆದರೆ ಒಂದು ಅಡ್ಡಿಯಿತ್ತು. ಈ ಮನುಷ್ಯ ಬಿ.ಕಾಂ. ಓದಿದವನು, ಅದೂ ಬೇರೆ ಊರಿನಲ್ಲಿ. ಗುಂಡಿಗೂ ಅವನಿಗೂ ಸಂಬಂಧವೇ ಕಾಣಲಿಲ್ಲ.

ಪವಮಾನ ಬಂದ. ಗರಿಗರಿ ಬಿಳಿ ಶರ್ಟು, ಹಣೆಗೆ ಸಣ್ಣ ಅಕ್ಷತೆ. ನೆಲದ ಕುಂಬಳಕಾಯಿ ನೋಡಿ ಪ್ಯಾಂಟು ಎತ್ತಿ ದಾಟಿದ.

"ಏನು ಧರಣಿ ಮೇಡಂ, ದೃಷ್ಟಿ ತೆಗೆಸ್ತಿದೀರಾ?"

"ಹಾಗೇ ಅಂದ್ಕೊಳಿ ಸಾರ್. ನೀವು ಹೇಳಿದ್ದೇ ಸರಿ, ಇದು ಆಕಸ್ಮಿಕ ಅನ್ಸುತ್ತೆ. ಪ್ರೊಫೆಸರ್ ಎತ್ತರದವರು ಒಬ್ಬರು ಬೇಕಿತ್ತು. ಒಂದು ಸಲ ನಿಂತ್ಕೊಂಡ್ರೆ ಅಳತೆ ತಗೊಂಡು ಬರ್ದುಬಿಡ್ತೀನಿ."

ಅವನ ಮುಖ ಅರಳಿತು. "ಅದಕ್ಕೇನಂತೆ. ಆದ್ರೆ ನನಗಿದರ ತಲೆಬುಡ ಗೊತ್ತಿಲ್ಲ. ತಾತ ಕಟ್ಟಿಸಿದ ಕೋಣೆ ನಿಜ, ನಾನು ಬರೋದು ಆಯುಧಪೂಜೆಗೆ ಕರ್ಪೂರ ಹಚ್ಚೋಕೆ ಮಾತ್ರ. ಆ ಗುಂಡು ಅಲ್ಲಾಡೋದೂ ನಾನು ನೋಡಿಲ್ಲ."

"ಬರೀ ನಿಂತ್ಕೊಳಿ ಸಾರ್. ಮಿಕ್ಕಿದ್ದು ಮೂಗಯ್ಯ ನೋಡ್ಕೋತಾರೆ."

ಎಲ್ಲಿ, ಹೇಗೆ ಎಂದು ನಾನು ಹೇಳಲಿಲ್ಲ. ಅವನು ಗೋಡೆಗೆ ಹೋದ. ಹಿಮ್ಮಡಿ ಎರಡನ್ನೂ ಗೋಡೆಯ ಬುಡಕ್ಕೆ ಕೂಡಿಸಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿದ. ತಲೆಯನ್ನು ಗೋಡೆಗೆ ಒತ್ತಿ ಗದ್ದವನ್ನು ಒಂದು ಕೂದಲೆಳೆಯಷ್ಟು ಮೇಲೆತ್ತಿದ.

"ಬಿಡಿ ಮೂಗಯ್ಯನವರೇ," ಎಂದೆ.

ಮೂಗಯ್ಯ ಗುಂಡನ್ನು ಅವನ ಗದ್ದಕ್ಕೆ ತಾಗಿಸಿ ಒಂದು ಗಳಿಗೆ ತಡೆದ. ಆಮೇಲೆ ಬಿಟ್ಟ.

ಗುಂಡು ಹೋಯಿತು. ಆಚೆಯ ತುದಿಯಲ್ಲಿ ನಿಂತು ತಿರುಗಿತು. ನೆಲದ ಮೇಲಿನ ತಿರುಳಿನ ಮೇಲೆ ಹಾದು, ಏರುತ್ತಾ, ನೇರ ಅವನ ಮುಖಕ್ಕೆ ಬಂತು.

ಪವಮಾನ ಕದಲಲಿಲ್ಲ. ರೆಪ್ಪೆಯೂ ಆಡಲಿಲ್ಲ. ಗುಂಡು ಗದ್ದದ ಮುಂದೆ ನಿಂತಿತು, ಅವನು ಅದನ್ನೇ ನೋಡಿದ, ಅದು ವಾಪಸ್ ಹೋಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಬೇಕಾದಷ್ಟು ಹಿಡಿದಿದ್ದೇನೆ. ಈ ಮಹರಾಯ ಅಲ್ಲಾಡದೆ ನಿಂತೇ ಸಿಕ್ಕಿಬಿದ್ದ.

"ಯಾವ ವರ್ಷ ಗದ್ದ ಕೊಟ್ರಿ ಸಾರ್?"

ಅವನ ಕೈಗಳು ಬೆನ್ನ ಹಿಂದೆ ಬಿಗಿಯಾದದ್ದು ಭುಜದಲ್ಲಿ ಕಂಡಿತು. "ಏನು?"

"ಅಲ್ಲಾಡೋದೇ ನೋಡಿಲ್ಲ ಅಂದ್ರಿ. ನೋಡದೆ ಇದ್ದೋರು ಹಾರ್ತಾರೆ. ನಾನು ಹಾರ್ದೆ, ಮೂಗಯ್ಯ ದೇವರನ್ನ ಕರೆದ್ರು. ನಿಮ್ಮ ಹಿಮ್ಮಡಿಗೆ ಗೋಡೆ ಎಲ್ಲಿದೆ ಅಂತ ಯಾರೂ ಹೇಳ್ಕೊಡ್ಲಿಲ್ಲ. ಈ ಪಾಠ ನಿಮ್ಮ ಮೈಗೆ ಬರುತ್ತೆ."

ಪವಮಾನ ನನ್ನನ್ನು ದಾಟಿ ಬಾಗಿಲಿನ ಕಡೆ ನೋಡಿ, ಏನೋ ಸಮಾಧಾನವಾದವನಂತೆ ನಕ್ಕ.

"ಬಿ.ಕಾಂ.ಗೆ ಮುಂಚೆ ಒಂದು ವರ್ಷ ಇಲ್ಲಿ ಬಿ.ಎಸ್ಸಿ. ಮಾಡ್ದೆ ಕಣ್ರೀ, ಪೂರ್ತಿ ಮಾಡ್ಲಿಲ್ಲ. ಪ್ರತಿ ಸೋಮವಾರ ಆ ಅಶ್ವತ್ಥ ಇಡೀ ಕ್ಲಾಸಿನ ಮುಂದೆ ನಿಲ್ಲಿಸೋನು. ನಾನು ಬೆಚ್ಚೋದು, ಹುಡುಗೀರು ನಗೋದು. ಕೊನೇಗೆ ಒಂದಿನ ಬೆಚ್ಚಲಿಲ್ಲ. ಆಗ ಏನಂದ ಗೊತ್ತಾ? 'ಈಗ ನೀನು ಗೋಡೆ ಆಗೋಕೆ ಲಾಯಕ್ಕು, ಕೂತ್ಕೋ' ಅಂದ. ನಮ್ಮ ತಾತ ಕಟ್ಟಿಸಿದ ಗೋಡೆ."

"ಅದಕ್ಕೇ ಗುಂಡು ಬಿಟ್ರಾ?"

"ನಾನು ಬಿಡ್ಲಿಲ್ಲ." ಅವನು ಬಲಗೈಯನ್ನು ಮುಂದೆ ತಂದು ನೋಡಿಕೊಂಡ. "ಹಿಡ್ಕೊಂಡಿದ್ದೆ. ಬೆಚ್ಚುತಾನಾ ಅಂತ ನೋಡ್ಬೇಕಿತ್ತು. ಬೆಚ್ಚಿದ ಮೇಡಂ. ಕೂದಲು ಕಿತ್ತು ಬರೋ ಹಂಗೆ ಬೆಚ್ಚಿದ. ಬಿಟ್ಟೋನು ಅಮರ್."

ಸುಳ್ಳು ಎನ್ನಬೇಕು ಎಂದುಕೊಂಡು ಬಾಗಿಲ ಕಡೆ ತಿರುಗಿದೆ. ಚಲುವಮ್ಮ ಹೊಸ್ತಿಲ ಒಳಗೆ ನಿಂತಿದ್ದಳು.

"ಸುಳ್ಳು ತಾನೆ ಚಲುವಮ್ಮ?"

ಅವಳು ಕುತ್ತಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. ಕಿವಿಯ ಕೆಳಗಿನಿಂದ ಗಂಟಲವರೆಗೆ ಹಸಿ ಗಾಯದ ಗೆರೆ ಎದ್ದಿತ್ತು, ಅರಿಸಿನ ಮೆತ್ತಿಕೊಂಡಿದ್ದಳು.

"ಮಗಂಗೆ ಬುತ್ತಿ ತಂದಿದ್ದೆ ಕಣವ್ವ. ನನ್ನ ಹಿಡ್ಕೊಂಡು ಚಾಕು ಮಡಗಿದ್ರು. ಗುಂಡು ಬುಡ್ತೀಯೋ, ಇಲ್ಲ ನಿಮ್ಮವ್ವನ ಕುಯ್ಯಲೋ ಅಂದ್ರು. ನನ್ನ ಮಗ ಬುಡ್ನಿಲ್ಲ. ಚಾಕು ಒಳಕ್ಕೋಯ್ತು, ರಕ್ತ ಬಂತು. ಆಗ ಮೇಷ್ಟ್ರೇ ಅಂದ್ರು, 'ಬಿಡಪ್ಪಾ ಅಮರ್, ಪರವಾಗಿಲ್ಲ' ಅಂತ. ಆಮ್ಯಾಕೆ ಕಣ್ಮುಚ್ಕೊಂಡು ಬುಟ್ಟ. ಉಡುಗ್ರು ಬರೋಕ್ಮುಂಚೆ ನನ್ನ ಎಳ್ಕೊಂಡೋದ್ರು."

ಅಷ್ಟು ಹೊತ್ತಿಗೆ ನನ್ನ ಕಣ್ಣಲ್ಲಿ ನೀರಿತ್ತು, ನಾಚಿಕೆಯೇನಿಲ್ಲ. "ಚಾಕು ಹಿಡಿದಿದ್ದು ಯಾರು?"

"ನಿಮ್ಮ ಮೂಗಯ್ಯನೇ ಕಣವ್ವ. ಎರಡು ರಾತ್ರಿಯಿಂದ ನನ್ನ ಮಗನ ಮಂಚ ಕಾಯ್ತಾ ಇರೋನೂ ಅವ್ನೇ. ಎಂಗೆ ಬಾಯ್ಬುಡ್ಲಿ?"

ಆ ಕಾವಲಿಗೆ ಹಾಕಿದವಳು ನಾನೇ. ನಂಬಿಕಸ್ಥ ಎಂದು ಆರಿಸಿ ಹಾಕಿದ್ದೆ.

ಮೂಗಯ್ಯ ಗುಂಡು ಬಿಟ್ಟ ಜಾಗದಿಂದ ಬಾಗಿಲಿಗೆ ಯಾವಾಗ ಸರಿದನೋ ತಿಳಿಯದು. ಚಿಲಕ ಬಿದ್ದ ಸದ್ದು ಕೇಳಿತು. ನಾನು ಸೊಂಟಕ್ಕೆ ಕೈಹಾಕುತ್ತಾ ಅವನ ಮೇಲೆ ನುಗ್ಗಿದೆ. ಮೊಣಕೈ ಬೀಸಿ ಅವನ ಮೂಗಿಗೆ ಕೊಟ್ಟೆ. ಮೂಳೆ ಲಟಕ್ಕೆಂದಿತು, ಮೀಸೆಯ ಮೇಲೆ ರಕ್ತ ಸುರಿಯಿತು. ಇನ್ನೊಂದು ಏಟಿಗೆ ಕೈಯೆತ್ತಿದ್ದೆ.

ಹಿಂದೆ ಪವಮಾನ ಕಬ್ಬಿಣದ ಗುಂಡು ಹಿಡಿದದ್ದನ್ನು ನಾನು ನೋಡಲಿಲ್ಲ. ಅವನು ಬಿಡಲಿಲ್ಲ, ತಳ್ಳಿದ. ಮೈಯ ಭಾರವನ್ನೆಲ್ಲ ಹಾಕಿ ತಳ್ಳಿದ.

ಗುಂಡು ಬಾಗಿಲವರೆಗೂ ಏರಿ ಬಂದು ನನ್ನ ಎಡದೋಳಿಗೆ ಬಿತ್ತು. ಗೋಡೆಗೆ ಹೋಗಿ ಅಪ್ಪಳಿಸಿ ಕುಸಿದೆ. ತೋಳು ನನ್ನದೇ ಅಲ್ಲವೇನೋ ಎಂಬಂತೆ ಹಿಂದಕ್ಕೆ ಮಡಚಿಕೊಂಡಿತ್ತು. ಮೂಗಯ್ಯ ಬೂಟುಗಾಲನ್ನು ಅದೇ ತೋಳಿನ ಮೇಲಿಟ್ಟು ನನ್ನ ಪಿಸ್ತೂಲನ್ನು ಎಳೆದುಕೊಂಡ. ನಾನು ಕಿರುಚಿದ್ದು ನನಗೇ ದೂರದಿಂದ ಕೇಳಿಸಿತು.

"ತಪ್ಪು ತಿಳೀಬೇಡಿ ಮೇಡಂ," ಎಂದ ಮೂಗಯ್ಯ, ರಕ್ತ ಉಗಿದು. "ಮಗಳ ಮೆಡಿಕಲ್ ಸೀಟು ಇವರ ಕೈಲೈತೆ. ನಾನೂ ಅಪ್ಪನೇ."

"ಅಮರ್ ಕೂಡ ಒಬ್ಬರ ಮಗನೇ ಕಣೋ, ಪಾಪಿ," ಎಂದೆ.

ಪವಮಾನ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಮೇಜಿನಿಂದ ತಂದಿದ್ದ ನನ್ನ ಬಿಳಿಹಾಳೆ, ಪೆನ್ನನ್ನು ನನ್ನ ತೊಡೆಯ ಮೇಲಿಟ್ಟ. "ಆಕಸ್ಮಿಕ ಬೇಡ. ಕುಂಬಳಕಾಯಿ ಒಡೆದು ನೀವೇ ಅದನ್ನ ಕೆಡಿಸಿದ್ರಿ. ಎಸಿಪಿ ಕೇಳಿದ್ದನ್ನೇ ಬರೀರಿ. ಹುಡುಗ ಒಬ್ಬನೇ ಮಾಡಿದ, ಅವನ ತಾಯಿ ಒಪ್ಕೊಂಡ್ಲು, ನಿಮ್ಮ ತೋಳು ಜಾರಿ ಬಿದ್ದು ಮುರೀತು. ಅವನು ಜೈಲಲ್ಲಿ ಬದುಕಿರ್ತಾನೆ. ನಮಗೇನು ಅವನ ಮೇಲೆ ದ್ವೇಷ?"

"ಬರೀದಿದ್ರೆ?"

ಪವಮಾನ ಕಣ್ಣುಸನ್ನೆ ಮಾಡಿದ. ಮೂಗಯ್ಯ ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಹೇಳಣ್ಣ," ಎಂದಿತು ಒಂದು ಗಂಡಸಿನ ದನಿ, ಹಗಲು ಕಾಯಲು ಮೂಗಯ್ಯ ಬಿಟ್ಟುಬಂದಿದ್ದ ಆಳಿನದು. ಅದರ ಹಿಂದೆ, ಕಟ್ಟಿದ ದವಡೆಯ ಸಂದಿಯಿಂದ ಎಳೆದೆಳೆದು ಬರುತ್ತಿದ್ದ ಉಸಿರು. "ಪಕ್ಕದಲ್ಲೇ ಅವ್ನಿ. ಮಲ್ಗವ್ನೆ. ಮೂಗಿನ ಪೈಪು ಕೀಳ್ಲಾ?"

"ತಡಿ," ಎಂದ ಮೂಗಯ್ಯ.

ಚಲುವಮ್ಮ ಫೋನಿನ ಹತ್ತಿರಕ್ಕೆ ಬಂದಳು. ಮಗನ ಉಸಿರನ್ನು ಕೇಳಿಸಿಕೊಂಡಳು. ಆಮೇಲೆ ನನ್ನ ಪಕ್ಕ ಮೊಣಕಾಲೂರಿ ಕೂತು, ಬಿದ್ದಿದ್ದ ಪೆನ್ನನ್ನು ಎತ್ತಿ ನನ್ನ ಬಲಗೈಗೆ ಕೊಟ್ಟಳು.

"ಬರ್ದ್ಬುಡವ್ವ," ಎಂದಳು. "ನನ್ನ ಮಗನೇ ಕೊಂದ ಅಂತ ಬರ್ದ್ಬುಡು."

"ಚಲುವಮ್ಮ, ಒಂದು ಸಲ ಬರೆದ್ರೆ..."

"ಗೊತ್ತು ಕಣವ್ವ. ಕೊಲೆಗಾರನ ತಾಯಿ ಅಂತಾರೆ. ಅನ್ಲಿ. ತಾಯಿ ಅಂತಾರಲ್ಲ, ಸಾಕು."

ಪ್ರೊಫೆಸರ್ ಅಶ್ವತ್ಥರು ಆ ಹುಡುಗನಿಗೆ ಬಿಡಪ್ಪಾ ಎಂದರಂತೆ. ನನಗೆ ಹಾಗೆ ಹೇಳಲು ಯಾರೂ ಇರಲಿಲ್ಲ. ನಾನು ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದೆ. ಅಮರ್ ಎಂದು ಬರೆದೆ. ಅಮರ್ ಎಂಬ ವಿದ್ಯಾರ್ಥಿಯು, ಎಂದು ಬರೆದೆ.

ಫೋನಿನಲ್ಲಿ ಏನೋ ಉರುಳಿ ಒಡೆಯಿತು. ಗಂಡಸಿನ ದನಿ ಒಂದು ಸಲ ಅರ್ಧ ಕೂಗಿ ನಿಂತುಹೋಯಿತು. ನಾವು ನಾಲ್ವರೂ ಫೋನನ್ನೇ ನೋಡುತ್ತಾ ಕೂತೆವು. ಈಗ ಅಲ್ಲಿ ಎಳೆದೆಳೆದು ಬರುತ್ತಿದ್ದ ಉಸಿರೂ ಇರಲಿಲ್ಲ.

ಮೂಗಯ್ಯ ಹಲೋ ಎಂದ. ಮತ್ತೊಮ್ಮೆ ಎಂದ. ಯಾರೋ ಫೋನನ್ನು ನೆಲದಿಂದ ಎತ್ತಿಕೊಂಡ ಸದ್ದಾಯಿತು. ಆಮೇಲೆ, ಕಟ್ಟಿದ ದವಡೆಯ ಸಂದಿಯಿಂದ ಎಳೆದೆಳೆದು ಬರುವ ಅದೇ ಉಸಿರು, ಈ ಸಲ ಫೋನಿಗೆ ತೀರಾ ಹತ್ತಿರದಿಂದ.